ಪಾರಿಯ ಸರಿಗಮ

ಹೂಂ ಅನ್ನೋರೆಲ್ಲ ಮುಂದ ಬರ್ರಿ. ಆಕಳಸೋರು ಗ್ವಾಡಿ ಕಡೆ ಸರೀರಿ. ನಾ ಕಥಿ ಹೇಳೂ ಮುಂದ ಹೂಂ ಅನ್ನಲಿಲ್ಲ ಅಂದ್ರ ನನಗ ಸಿಟ್ಟು ಬರತೈತಿ. ಸಿಟ್ಟು ಬಂತಂದ್ರ ರಾಜನ್ನ ಅರ್ಧಕ್ಕ ಬಿಟ್ಟು ಎದ್ದು ಹೋಗತೀನಿ. ಆಮ್ಯಾಲ ಆ ರಾಜ ನಿಮ್ಮ ಮನ್ಯಾಗ ಬಂದು ಕುಂತ್ರ, ಊಟಕ್ಕ ನೀವ ಹಾಕಬೇಕು ನೋಡ್ರಿ.

ಒಂದು ರಾಜ್ಯ ಇತ್ತು. ಆ ರಾಜ್ಯಕ್ಕ ಮಲ್ಲರಸ ಅಂತ ಒಬ್ಬ ರಾಜ. ಪಾಪ, ಒಳ್ಳೆ ರಾಜ. ಯುದ್ಧಕ್ಕ ಅಂಜತಿದ್ದ, ಹೋಳಿಗಿಗೆ ಅಂಜತಿರಲಿಲ್ಲ. ಅವಗ ಸಂಗೀತ ಅಂದ್ರ ಭಾಳ ಪ್ರೀತಿ. ತಿಳೀತಿತ್ತೇನು? ಏನೂ ತಿಳೀತಿರಲಿಲ್ಲ. ಆದ್ರ ತಲಿ ಅಲ್ಲಾಡಸೂದು ಮಾತ್ರ ಅಗದಿ ಚೆಂದ ಅಲ್ಲಾಡಸ್ತಿದ್ದ. ನಿದ್ದಿ ಬಂದಾಗೂ ಅಲ್ಲಾಡತಿತ್ತು ಆ ತಲಿ. ಹಾಡೋರಿಗೆ ಅಷ್ಟ ಸಾಕು.

ಆ ರಾಜನ ದರಬಾರದಾಗ ಚೆಲುವಯ್ಯ ಅಂತ ಆಸ್ಥಾನ ವಿದ್ವಾಂಸ. ದನಿ ಅಂದ್ರ ದನಿ! ಬಾಯಿ ತೆರದ್ರ ಕಂಬದ ಮ್ಯಾಲಿನ ಪಾರಿವಾಳ ಗುಟುರು ಹಾಕೂದು ಬಿಟ್ಟು ಕೇಳತಿದ್ದವು. ಕಿವೀನೂ ಅಷ್ಟ ಚುರುಕು. ಯಾವ ಪದ ಇರಲಿ, ಒಮ್ಮೆ ಕೇಳಿದ್ರ ಸಾಕು, ಮನಿಗೆ ಹೋಗಿ ಹಂಗಂದ್ರ ಹಂಗ ಹಾಡತಿದ್ದ. ಮೂಗಿಗೆ ತಪಕೀರು ಏರಸೋ ಚಟ ಒಂದಿತ್ತು. ಅದಕ್ಕ ಹಗಲೆಲ್ಲ ಸೀನತಿದ್ದ. ಇರಲಿ, ಸೀನು ತಪ್ಪಲ್ಲ. ಅವನ ತೊಂದ್ರಿ ಬ್ಯಾರೆ ಇತ್ತು. ದೇವರು ಅವಗ ದನಿ ಕೊಟ್ಟಿದ್ದ, ಕಿವಿ ಕೊಟ್ಟಿದ್ದ. ಒಂದು ಹೊಸ ಪದ ಕಟ್ಟೂ ತಾಕತ್ತು ಕೊಟ್ಟಿರಲಿಲ್ಲ.

ಇದು ಯಾರಿಗೂ ಗೊತ್ತಿರಲಿಲ್ಲ. ಅವನ ಹಿಂದ ಕುಂತು ಮದ್ದಳಿ ಬಾರಸೋ ಮಾದಪ್ಪಗ ಮಾತ್ರ ಗೊತ್ತಿತ್ತು. ಮಾದಪ್ಪನ ಮಾತು ಯಾರು ಕೇಳ್ತಾರ? ದರಬಾರದಾಗ ಅವನ ಹೆಸರೂ ಯಾರಿಗೂ ಬರ್ತಿರಲಿಲ್ಲ. "ಏ ಮದ್ದಳಿ, ಇಲ್ಲಿ ಬಾ. ಏ ಮದ್ದಳಿ, ಅಲ್ಲಿ ಕುಂದ್ರು." ಹಿಂಗ ಕರೀತಿದ್ರು.

ಆ ರಾಜ್ಯದಾಗ ಒಂದು ಕಾಯ್ದೆ ಇತ್ತು. ಯಾವ ಪದ ದರಬಾರದಾಗ ಹಾಡಿ, ರಾಜ ಮೆಚ್ಚಿ ಮುದ್ರಿ ಒತ್ತತಾನೋ, ಆ ಪದ ಹಾಡಿದವನ ಸ್ವತ್ತು. ಬ್ಯಾರೆ ಯಾರೂ ಅದನ್ನ ಹಾಡಂಗಿಲ್ಲ. ಹಾಡಿದ್ರ ಗಡೀಪಾರು. ಹೂಂ ಅನ್ರಿ. ಈ ಕಾಯ್ದೆ ನೆನಪಿಡ್ರಿ, ಮುಂದ ಬೇಕಾಕೈತಿ.

ಅದ ಊರಾಗ ಪಾರಿ ಅಂತ ಒಬ್ಬ ಹೆಣ್ಣಮಗಳು. ಹಾಡೂದ ಆಕಿ ಕಸುಬು. ಯಾರ ಮನ್ಯಾಗ ತೊಟ್ಟಲಾ ಇರಲಿ, ಮದುವಿ ಇರಲಿ, ಪಾರಿ ಬಂದು ಹಾಡಬೇಕು. ಹಾಡೋದಷ್ಟ ಅಲ್ಲ, ಪದ ತಾನ ಕಟ್ಟತಿದ್ದಳು. ರೊಟ್ಟಿ ಬಡೀತ ಬಡೀತ ಒಂದು ಪದ, ಅಂಗಳ ಸಾರಸ್ತ ಸಾರಸ್ತ ಒಂದು ಪದ. ಯಾರರ "ಇದು ಯಾರ ಪದ ಅವ್ವಾ?" ಅಂತ ಕೇಳಿದ್ರ, ನಾಚಿಕೊಂಡು "ಕಡೀ ಸಾಲಿನ್ಯಾಗ ಐತಿ ನೋಡ್ರಿ" ಅಂತಿದ್ದಳು. ಕಡೀ ಸಾಲಿನ್ಯಾಗ ಆಕಿ ಹೆಸರು ಇರತಿತ್ತು.

ಒಂದಿನ ಚೆಲುವಯ್ಯ ಎಲಿ ಅಡಕಿ ಹಿಡಕೊಂಡು ಪಾರಿ ಮನಿಗೆ ಬಂದ. ಪಾರಿ ಗಾಬರಿಯಾಗಿ ಚಾಪಿ ಹಾಸಿದಳು.

"ವಿದ್ವಾಂಸರು ನಮ್ಮ ಮನಿಗೆ! ಕುಂದರ್ರಿ, ಕುಂದರ್ರಿ."

"ಛೇ ಛೇ, ವಿದ್ವಾಂಸರು ಅನಬ್ಯಾಡವ್ವ. ಮಾಮಾ ಅನ್ನು. ನಾ ನಿಮ್ಮವನ. ಭಾಳ ಚೆಂದ ಹಾಡತೀಯಂತ. ಒಂದು ಹಾಡು, ಕೇಳೂಣು."

ಪಾರಿಗೆ ಖುಷಿ ಅಂದ್ರ ಖುಷಿ. ಅಷ್ಟು ದೊಡ್ಡ ಮನಷ್ಯಾ ತನ್ನ ಪದ ಕೇಳಾಕ ಬಂದಾನ! ತನ್ನ ಹೊಸ ಜೋಗುಳ ಹಾಡಿದಳು.

*ನನ್ನ ಎದಿಹಾಲ ಕುಡದು ಮಲಗೋ ನನ ಕಂದ,*
*ಜೋಗುಳ ಪಾರಿ ಹಾಡ್ಯಾಳ.*

ಚೆಲುವಯ್ಯ ಕೇಳಿದ, ಸೀನಿದ, ಎಲಿ ಅಡಕಿ ತಾನ ಹಾಕ್ಕೊಂಡ, ಹೋದ. ಮರುದಿನ ದರಬಾರದಾಗ ಮೀಸಿ ತಿರುವಿ ಹಾಡಿದ:

*ನನ್ನ ಎದಿಹಾಲ ಕುಡದು ಮಲಗೋ ನನ ಕಂದ,*
*ಜೋಗುಳ ಚೆಲ್ವ ಹಾಡ್ಯಾನ.*

ನಗಬ್ಯಾಡ್ರೋ! ದರಬಾರದಾಗ ಯಾರೂ ನಗಲಿಲ್ಲ. ಮೂರು ಮಂದಿ ಪಂಡಿತರಿದ್ರು. ಅವರು "ಎದಿಹಾಲು ಅಂದ್ರ ಜ್ಞಾನ ಪ್ರಭು, ಕಂದ ಅಂದ್ರ ನಾವೆಲ್ಲ" ಅಂತ ಅರ್ಥ ಬಿಡಿಸಿ ಹೇಳಿದ್ರು. ರಾಜ ತಲಿ ಅಲ್ಲಾಡಿಸಿ, "ವಿದ್ವಾಂಸರ, ಇಂಥ ಪದ ನಿಮಗ ಹೆಂಗ ಹೊಳೀತೈತಿ?" ಅಂದ.

ಚೆಲುವಯ್ಯ ಕಣ್ಣು ಮುಚ್ಚಿದ. "ನಾನು ಕಟ್ಟೂದಿಲ್ಲ ಪ್ರಭು. ಪದ ತಾನ ಬರತೈತಿ. ಕನಸಿನ್ಯಾಗ ಒಂದು ಬಿಳಿ ಹಂಸ ಬಂದು ನನ್ನ ನಾಲಗಿ ಮ್ಯಾಲ ಕುಂತು ಹೋತು."

ಹಿಂದ ಕುಂತ ಮಾದಪ್ಪ, "ಹಂಸ ಅಲ್ಲ, ಎಲಿ ಅಡಕಿ" ಅಂತ ಮದ್ದಳಿಗೆ ಹೇಳಿದ. ಮದ್ದಳಿ ಬಿಟ್ಟು ಮತ್ತ್ಯಾರೂ ಕೇಳಲಿಲ್ಲ. ರಾಜ ಮುದ್ರಿ ಒತ್ತಿದ.

ಪಾರಿಗೆ ಸುದ್ದಿ ಮುಟ್ಟಿತು. ಆಕಿ ನಂಬಲಿಲ್ಲ. "ಮರೆತಿರಬೇಕು ಪಾಪ, ವಯಸ್ಸಾಗೈತಿ" ಅಂದಳು. ಮುಂದಿನ ಸರ್ತಿ ಹೆಸರು ಕೀಳಾಕ ಬರದಂಗ ಹಾಕೂಣು ಅಂತ, ಪ್ರಾಸದಾಗ ಹೆಸರು ಹೆಣದು ಒಂದು ಪದ ಕಟ್ಟಿದಳು. ಒಂದು ಮದುವ್ಯಾಗ ಹಾಡಿದಳು.

*ಹೊಳಿಗೆ ಹೋಗೂ ದಾರಿ, ಕೊಡ ತುಂಬ್ಯಾವ ಸಾರಿ ಸಾರಿ,*
*ನಕ್ಕೋತ ಬಂದಾಳ ಪಾರಿ.*

ಮದುವಿ ಮಂದ್ಯಾಗ ಯಾರೋ ಸೀನಿದ್ರು. ಪಾರಿ ಲಕ್ಷ್ಯ ಕೊಡಲಿಲ್ಲ. ಎರಡು ದಿನಕ್ಕ ದರಬಾರದಾಗ ಅದ ಪದ ಬಂತು. ದಾರಿ ಇತ್ತು, ಸಾರಿ ಇತ್ತು. ಪಾರಿ ಇದ್ದಲ್ಲಿ "ನಾರಿ" ಇತ್ತು. ಎಷ್ಟು ಸುಲಭ ನೋಡ್ರಿ, ಒಂದ ಅಕ್ಷರ!

"ಇದು ಹೆಂಗ ಹೊಳೀತು ವಿದ್ವಾಂಸರ?" ಅಂತ ರಾಜ ಮತ್ತ ಕೇಳಿದ.

"ಹೊಳಿ ದಂಡಿ ಮ್ಯಾಲ ಮೌನದಾಗ ಕುಂತಿದ್ದೆ ಪ್ರಭು. ನಾನು ಯಾರು ಅಂತ ನನ್ನ ನಾನ ಕೇಳಿಕೊಂಡೆ. ಆವಾಗ ಬಂತು."

"ಮದುವಿ ಮನ್ಯಾಗ ಬುಂದಿ ತಿನಕೋತ ಕುಂತಿದ್ದ" ಅಂದ ಮಾದಪ್ಪ, ಮದ್ದಳಿಗೆ. ರಾಜ ಮುದ್ರಿ ಒತ್ತಿದ.

ಈ ಸರ್ತಿ ಪಾರಿ ಮಲ್ಲರಸನ ಪಂಡಿತರ ಹತ್ರ ಹೋದಳು. "ಪದ ನಂದ್ರಿ" ಅಂದಳು. "ಅದರಾಗ ನಿನ್ನ ಹೆಸರು ಎಲ್ಲೈತಿ?" ಅಂದ್ರು. "ಹೆಸರಿತ್ರಿ, ತಗದಾರ" ಅಂದಳು. "ಇಲ್ಲದ್ದು ಇತ್ತು ಅಂದ್ರ ಹೆಂಗ ನಂಬೂದವ್ವಾ? ಹೋಗು, ಮನ್ಯಾಗ ರೊಟ್ಟಿ ಹೊತ್ತಿರಬೇಕು" ಅಂತ ಕಳಿಸಿಬಿಟ್ರು.

ಆಮ್ಯಾಲ ಆಗಬಾರದ್ದು ಆತು. ಒಬ್ಬರ ಮನ್ಯಾಗ ತೊಟ್ಟಲಾ ಇತ್ತು. ಪಾರಿ ಕೂಸಿನ ತೊಟ್ಟಲಾ ತೂಗಿ ತನ್ನ ಜೋಗುಳ ಎತ್ತಿದಳು. ಎದಿಹಾಲ ಅಂತ ಬಾಯಿಂದ ಬರೂದ ತಡ, ಬಾಗಲದಾಗ ರಾಜನ ಸಿಪಾಯಿ ಬಂದು ನಿಂತ.

"ಏ ಬಾಯೀ, ಗಪ! ಹಾಡೂದು ನಿಲ್ಲಸು! ಅದು ವಿದ್ವಾಂಸರ ಪದ. ಹಾಡಿದ್ರ ಗಡೀಪಾರು."

ತಾ ಕಟ್ಟಿದ ಪದ! ತನ್ನ ಊರಾಗ! ಪಾರಿ ಬಾಯಿ ಮುಚ್ಚಿಕೊಂಡು ತೊಟ್ಟಲಾ ಸುಮ್ನ ತೂಗಿದಳು. ಕೂಸು ಅಳಾಕ ಹತ್ತಿತು. ಮನಿಗೆ ಬಂದು ಪಾರೀನೂ ಅತ್ತಳು. ಸಿಟ್ಟಿಗೂ ಅತ್ತಳು, ನಾಚಿಕಿಗೂ ಅತ್ತಳು. "ಮಾಮಾ ಅಂತ ಕರದು ಚಾಪಿ ಹಾಸಿದ್ನಲ್ಲ" ಅಂತ ತನ್ನ ತಾನ ಬೈಕೊಂಡಳು.

ಅಷ್ಟರಾಗ ಮಾದಪ್ಪ ಬಂದ. ಬಂದವನ ಮಾರಿ ಸಪ್ಪಗಿತ್ತು.

"ತಂಗಿ, ಇನ್ನೂ ಕೆಟ್ಟ ಸುದ್ದಿ ತಂದೀನಿ. ಬರೋ ಹುಣ್ಣಿವಿಗೆ ಚೆಲುವಯ್ಯ ಮೂರನೇ ಪದ ಹಾಡತಾನ. ಅದಕ್ಕೂ ಮುದ್ರಿ ಬಿತ್ತಂದ್ರ ಅವಗ 'ನಾಡಪದಕರ್ತ' ಅಂತ ಬಿರುದು. ಆಮ್ಯಾಲ ಈ ರಾಜ್ಯದಾಗ ಹೊಸ ಪದ ಕಟ್ಟೂ ಹಕ್ಕು ಅವನೊಬ್ಬಗ."

"ಹಂಗಾದ್ರ ನಾನು?"

"ನೀನು ರೊಟ್ಟಿ ಬಡಿ. ಸುಮ್ನ ಬಡಿ."

ಪಾರಿ ಕಣ್ಣು ಒರಸಿಕೊಂಡಳು. ಆಮ್ಯಾಲ ಕೇಳಿದಳು: "ಅಣ್ಣಾ, ಅಂವ ಪದ ಕದ್ದಾಗ ಏನೇನು ಬದಲಿ ಮಾಡತಾನ?"

"ಮಾತು ಬದಲಿ ಮಾಡತಾನ, ಹೆಸರು ಬದಲಿ ಮಾಡತಾನ. ಸ್ವರ ಮಾತ್ರ ಮುಟ್ಟೂದಿಲ್ಲ. ಮುಟ್ಟಾಕ ಅವಗ ಬರೂದಿಲ್ಲ. ಒಂದು ಸ್ವರ ಕಿತ್ತರ ಅಲ್ಲಿ ಏನು ಇಡಬೇಕು ಅನ್ನೂದು ಕಟ್ಟಿದವರಿಗೆ ಗೊತ್ತು, ಅವಗೇನು ಗೊತ್ತು?"

"ದರಬಾರದಾಗ ಪದ ಹಾಡಿದ ಮ್ಯಾಲ ಅದರ ಸರಿಗಮಾನೂ ಹಾಡಬೇಕಲ್ಲ?"

"ಹಾಡಬೇಕು. ಮೂರು ಕಾಲದಾಗ. ಮೊದಲು ಸಾವಕಾಶ, ಆಮ್ಯಾಲ ದುಪ್ಪಟ್ಟು, ಕಡೀಕ ಅದರ ದುಪ್ಪಟ್ಟು ಜೋರು."

"ಜೋರು ಮಾಡಸೋರು ಯಾರು?"

"ನಾ! ಮದ್ದಳಿ ಹೆಂಗ ಓಡತೈತೋ ಹಾಡೋನು ಹಂಗ ಓಡಬೇಕು" ಅಂದ ಮಾದಪ್ಪ. ಅಂದವನ ತನ್ನ ಕೈ ನೋಡಿಕೊಂಡ. "ತಂಗಿ, ಈ ಕೈ ಸವದ ಹೋತು ಅವನ ಹಿಂದ ಬಾರಿಸಿ ಬಾರಿಸಿ. ಒಮ್ಮೆನೂ ನನ್ನ ಹೆಸರು ಹೇಳಲಿಲ್ಲ ಅಂವ. ಒಮ್ಮೊಮ್ಮೆ ನನಗ ಅನಸತೈತಿ, ನಾ ಮನಷ್ಯಾ ಏನು ಮದ್ದಳೀನ ಏನು ಅಂತ."

ಪಾರಿ ಅವನ ಕಿವ್ಯಾಗ ಏನೋ ಹೇಳಿದಳು. ಮಾದಪ್ಪ ಮೊದಲು ಬಾಯಿ ತೆರದ, ಆಮ್ಯಾಲ ಹೊಟ್ಟಿ ಹಿಡಕೊಂಡು ನಕ್ಕ. ನಕ್ಕು ಮುಗಿದ ಮ್ಯಾಲ ಅಂಜಿದ.

"ಅಲ್ಲವ್ವಾ, ಅವಗ ಗೊತ್ತಾದ್ರ?"

"ಆಗೂದಿಲ್ಲಣ್ಣಾ. ಅಂವ ಕಲತವ. ಸ್ವರ ಅಂದ್ರ ಅವಗ ಸ್ವರಾನ ಕೇಳಸತೈತಿ. ನಿಮಗ ನಮಗ ಕೇಳಸೋದು ಅವಗ ಕೇಳಸೂದಿಲ್ಲ."

ಏನು ಹೇಳಿದಳು ಅಂತೀರೇನು? ತಡೀರಿ, ಅವಸರ ಮಾಡಬ್ಯಾಡ್ರಿ. ನಾ ಹೇಳಾಕ ಕುಂತೀನಲ್ಲ.

ಮರುದಿನ ಮಧ್ಯಾಹ್ನ ಪಾರಿ ಬೀಸೂಕಲ್ಲಿನ ಮುಂದ ಕುಂತಿದ್ದಳು. ಹಿತ್ತಲ ಗ್ವಾಡಿ ಆಚೆ ಯಾರೋ ಸೀನಿದ್ರು. ಪಾರಿ ಮನಸ್ಸಿನ್ಯಾಗ "ಬಂದಾ ನಮ್ಮ ಮಾಮಾ" ಅಂದಳು. ಜ್ವಾಳ ಬೀಸೂ ಪದ ಎತ್ತಿದಳು. ಪದದಾಗ ಎಲ್ಲೂ ಹೆಸರಿಲ್ಲ. ಪದ ಮುಗಿದ ಮ್ಯಾಲ ಅದರ ಸರಿಗಮ ಹಾಡಿದಳು. ಗ್ವಾಡಿ ಆಚೆ ಇದ್ದವಗ ಬಾಯಿಪಾಠ ಆಗಲಿ ಅಂತ ಸಾವಕಾಶ, ಬಿಡಿಸಿ ಬಿಡಿಸಿ ಹಾಡಿದಳು. ಕಡೀ ಒಂದು ಸಾಲು ಮಾತ್ರ ಹಾಡಲಿಲ್ಲ. ಅದನ್ನ ಹೊಟ್ಟ್ಯಾಗ ಇಟ್ಕೊಂಡಳು.

ಹುಣ್ಣಿವಿ ಬಂತು. ದರಬಾರ ತುಂಬಿತು. ಪಾರೀನೂ ಹೋಗಿ ಹೆಣ್ಣಮಕ್ಕಳ ಸಾಲಿನ್ಯಾಗ ಕುಂತಳು. ಚೆಲುವಯ್ಯ ಜರತಾರಿ ಶಾಲು ಹೊದ್ದು ಬಂದ. ಜ್ವಾಳ ಇದ್ದಲ್ಲಿ ಮುತ್ತು ಹಾಕಿದ್ದ, ಬೀಸೂಕಲ್ಲು ಇದ್ದಲ್ಲಿ ಸಿಂಹಾಸನ ಹಾಕಿದ್ದ, ಮುಗೀತು ಅವನ ಪದ. ಭರ್ಜರಿ ಹಾಡಿದ. ಸುಳ್ಳು ಯಾಕ ಹೇಳಬೇಕು, ದನಿ ಚೆಂದ ಇತ್ತು.

"ಇದು ಹೆಂಗ ಹೊಳೀತು ವಿದ್ವಾಂಸರ?" ಅಂತ ರಾಜ ಮೂರನೇ ಸರ್ತಿ ಕೇಳಿದ.

ಚೆಲುವಯ್ಯ ಶಾಲಿನ ಅಂಚಿಲೆ ಕಣ್ಣು ಒರಸಿಕೊಂಡ. "ಇದು ನನ್ನ ನೋವಿನ್ಯಾಗ ಹುಟ್ಟಿದ ಪದ ಪ್ರಭು. ಕಲಾವಿದನ ಸಂಕಟ ಯಾರಿಗೆ ಹೇಳೂದು?"

"ಗ್ವಾಡಿಗೆ" ಅಂದ ಮಾದಪ್ಪ. ಈ ಸರ್ತಿ ಒಂಚೂರು ಜೋರಾಗೇ ಅಂದ.

"ಆತು, ಸರಿಗಮ ಹಾಡ್ರಿ. ಮುದ್ರಿ ತಯಾರೈತಿ" ಅಂದ ರಾಜ.

ಚೆಲುವಯ್ಯ ಮೊದಲನೇ ಕಾಲದಾಗ ಹಾಡಿದ. ದಾ… ನೀ… ಸಾ… ರೀ… ಒಂದೊಂದು ಸ್ವರ ಹಗ್ಗ ಎಳದಂಗ ಎಳದ. ಪಂಡಿತರು "ಆಹಾ, ಧೈವತ! ಆಹಾ, ನಿಷಾದ!" ಅಂದ್ರು. ರಾಜಗ ನಿದ್ದಿ ಹತ್ತಿತು. ತಲಿ ಅಲ್ಲಾಡತಿತ್ತು.

ಮಾದಪ್ಪ ಮದ್ದಳಿ ದುಪ್ಪಟ್ಟು ಮಾಡಿದ. ಎರಡನೇ ಕಾಲ. ದನಿ, ಸರಿ… ಪದ, ದಗಾ… ಹೆಣ್ಣಮಕ್ಕಳ ಸಾಲಿನ್ಯಾಗ ಯಾರೋ ಕಿಸಕ್ಕಂದ್ರು. ರಾಜ ಒಂದು ಕಣ್ಣು ತೆರದ. ಚೆಲುವಯ್ಯಗ ಇನ್ನೂ ಹುರುಪು ಬಂತು. ಮಂದಿ ಮೆಚ್ಚಾಕ ಹತ್ಯಾರ ಅಂತ ತಿಳಕೊಂಡ.

ಮಾದಪ್ಪ ಮದ್ದಳಿ ಓಡಿಸಿಬಿಟ್ಟ. ಮೂರನೇ ಕಾಲ! ಕೈ ಕಾಣವಲ್ಲದು ಅಷ್ಟು ಜೋರು. ಚೆಲುವಯ್ಯಾನೂ ಎದಿ ಉಬ್ಬಿಸಿ ಓಡಿದ:

*ದನಿ ಸರಿ, ಪದ ದಗಾ!*
*ದನಿ ಸರಿ, ಪದ ದಗಾ!*
*ಪದ ಪಾರೀದ! ಪದ ಪಾರೀದ!*

ರಾಜ ಎರಡೂ ಕಣ್ಣು ತೆರದ. ತಲಿ ಅಲ್ಲಾಡೂದು ನಿಂತಿತು. ಹುಟ್ಟಿದಾಗಿಂದ ಅದು ದರಬಾರದಾಗ ನಿಂತಿದ್ದು ಅವತ್ತ ಮೊದಲು.

"ನಿಲ್ಲಸ್ರಿ! ವಿದ್ವಾಂಸರ, ಏನಂದ್ರಿ? ದನಿ ಸರಿ ಐತಿ, ಪದ ದಗಾ ಐತಿ ಅಂದ್ರೇನು? ಪದ ಪಾರೀದ ಅಂದ್ರೇನು?"

"ಇಲ್ಲ ಪ್ರಭು, ನಾ ಏನೂ ಅಂದಿಲ್ಲ! ಸ್ವರ ಹಾಡಿದೆ. ದ, ನಿ, ಸ, ರಿ. ಪ, ದ, ದ, ಗ…" ಅಂದವನ ಚೆಲುವಯ್ಯ ನಡಬರಕ ನಿಂತ. ಈಗ ಅವಗೂ ಕೇಳಿಸಿತು. ಮಾರಿ ಸುಣ್ಣದಂಗ ಬೆಳ್ಳಗಾತು.

ರಾಜ ಪಂಡಿತರ ಕಡೆ ತಿರುಗಿದ. "ದಗಾ ಅಂದ್ರ ಏನ್ರಿ?"

"ಧೈವತದಿಂದ ಗಾಂಧಾರಕ್ಕ ಇಳಿಯೂದು ಪ್ರಭು. ಭಾಳ ಅಪರೂಪದ ಸಂಚಾರ."

"ಹೌದೇನು? ನಮ್ಮ ಅಡಗಿ ಮನ್ಯಾಗ ಅದಕ್ಕ ಮೋಸ ಅಂತಾರ" ಅಂದ ರಾಜ. "ಮತ್ತ ಈ ಪಾರಿ ಯಾವ ಸಂಚಾರ?"

"ಸಂಚಾರ ಅಲ್ರಿ ದೊರಿ, ನಾನು" ಅಂತ ಪಾರಿ ಎದ್ದು ನಿಂತಳು. "ಒಂದ ಮಾತು ಮಾಮಾನ್ನ ಕೇಳಲೇನ್ರಿ?"

"ಕೇಳವ್ವ."

"ಮಾಮಾ, ಈ ಸರಿಗಮ ಕಟ್ಟಿದವರು ನೀವ ಏನ್ರಿ?"

"ಹೌದು! ನಾನ ಕಟ್ಟೀನಿ" ಅಂದ ಚೆಲುವಯ್ಯ.

"ಹಂಗಾದ್ರ ಪದ ದಗಾ ಅಂತ ನಿಮ್ಮ ಬಾಯಿಂದ ನೀವ ಒಪ್ಪಿಕೊಂಡ್ರಿ."

"ಅಲ್ಲ ಅಲ್ಲ! ನಾ ಕಟ್ಟಿದ್ದಲ್ಲ!"

"ಹಂಗಾದ್ರ ಪದ ನಿಮ್ಮದಲ್ಲ" ಅಂದಳು ಪಾರಿ.

ಚೆಲುವಯ್ಯ ಬಾಯಿ ತೆರದ. ಬಂದಿದ್ದು ಒಂದು ಸೀನು. "ಎರಡು ಸ್ವರ ಬದಲಿ ಮಾಡಿ ಹಾಡತೀನಿ ಪ್ರಭು" ಅಂತ ದಗಾ ಇದ್ದಲ್ಲಿ ಬ್ಯಾರೆ ಏನೋ ತುರುಕಿ ಹಾಡಿದ. ಪದ ಕಾಲು ಮುರದಂಗ ಕುಂಟಿತು. ಕಂಬದ ಮ್ಯಾಲಿನ ಪಾರಿವಾಳ ಹಾರಿ ಹೋದವು.

"ಪಾರಿ, ನೀ ಕಟ್ಟಿದ್ದು ಖರೇ ಆಗಿದ್ರ ಇದರ ಮುಂದಿನ ಸಾಲು ಹಾಡು" ಅಂದ ರಾಜ.

ಪಾರಿ ಹೊಟ್ಟ್ಯಾಗ ಇಟ್ಕೊಂಡಿದ್ದ ಸಾಲು ತಗದಳು. ಪದಕ್ಕ ಮುಚ್ಚಳ ಕುಂತಂಗ ಕುಂತಿತು ಅದು.

*ಮಾಮಾ, ನೀ ಗಪ! ಮಾಮಾ, ನೀ ಗಪ!*

ದರಬಾರ ಬಿದ್ದು ಬಿದ್ದು ನಕ್ಕಿತು. ಪಂಡಿತರೂ ನಕ್ಕರು, "ಮಧ್ಯಮ, ನಿಷಾದ, ಗಾಂಧಾರ, ಪಂಚಮ" ಅಂತ ಹೇಳಕೋತ ನಕ್ಕರು. ಅವರಿಗೆ ಏನು ಕೇಳಿಸಿತೋ ದೇವರಿಗೇ ಗೊತ್ತು.

ರಾಜ ಚೆಲುವಯ್ಯಗ ಕೊಟ್ಟಿದ್ದ ಎರಡೂ ಮುದ್ರಿ ರದ್ದು ಮಾಡಿ, ಮೂರೂ ಪದದ ಮುದ್ರಿ ಪಾರಿ ಮುಂದ ಹಿಡದ. "ತಗೋ, ಬಿರುದೂ ನಿಂದ. ಇನ್ನ ಮ್ಯಾಲ ನಿನ್ನ ಬಿಟ್ಟು ಯಾರೂ ಈ ಪದ ಹಾಡಂಗಿಲ್ಲ."

ಪಾರಿ ಕೈ ಮುಗದಳು. "ಮುದ್ರಿ ಬ್ಯಾಡ್ರಿ ದೊರಿ. ಸಿಪಾಯಿ ಬಂದು ಬಾಯಿ ಮುಚ್ಚಿಸಿದ್ರ ಹೆಂಗ ಅಕ್ಕೈತಿ ಅನ್ನೂದು ನನಗ ಗೊತ್ತೈತಿ. ನನ್ನ ಪದ ಯಾರ ಬೇಕಾದ್ರೂ ಹಾಡಲಿ. ಕಡೀ ಸಾಲಿನ್ಯಾಗ ನನ್ನ ಹೆಸರು ಬಿಡಬಾರದು, ಅಷ್ಟರಿ."

"ಮತ್ತ ಇವಗ ಶಿಕ್ಷಾ?"

"ಅವರ ದನಿ ಸರಿ ಐತಲ್ರಿ. ಹಾಡಲಿ. ಊರಾಗ ಎಲ್ಲಿ ತೊಟ್ಟಲಾ ಇರತೈತೋ ಅಲ್ಲಿ ಹೋಗಿ ನನ್ನ ಜೋಗುಳ ಹಾಡಲಿ. ಮೊದಲು ಇದ್ದಂಗ."

ಹಂಗ ಆತು ನೋಡ್ರಿ. ಅವತ್ತಿನಿಂದ ಚೆಲುವಯ್ಯ ಊರ ತೊಟ್ಟಲಾದ ಮುಂದೆಲ್ಲ ಕುಂತು, ಮೀಸಿ ಇಳಿಬಿಟ್ಟು, "ನನ್ನ ಎದಿಹಾಲ ಕುಡದು" ಅಂತ ಹಾಡಿ, ಕಡೀಕ "ಜೋಗುಳ ಪಾರಿ ಹಾಡ್ಯಾಳ" ಅಂತ ತಲಿ ತಗ್ಗಿಸಬೇಕಾತು. ಕೂಸುಗಳು ನಿದ್ದಿ ಮಾಡೂ ಬದಲಿ ನಗತಿದ್ದವಂತ. ಮದ್ದಳಿಯವಗ ರಾಜ, "ನಿನ್ನ ಹೆಸರೇನೋ?" ಅಂತ ಕೇಳಿದ. "ಮಾದಪ್ಪ ರೀ" ಅಂದ. ಹೇಳೂ ಮುಂದ ಅವನ ಕಣ್ಣಾಗ ನೀರು ಬಂತು. ಇನ್ನ ರಾಜ? ಅಂವ, "ದಗಾ ಹಿಡದವ ನಾನು, ಸಂಗೀತ ನನಗ ಭಾಳ ತಿಳೀತೈತಿ" ಅಂತ ಸಾಯೂ ತನಕ ಕೊಚ್ಚಿಕೊಂಡ. ಹೋಗಲಿ ಬಿಡ್ರಿ, ರಾಜರು ಹಂಗ.

ಈಗ ನೀತಿ ಕೇಳ್ರಿ, ಆಕಳಸೋರೂ ಕೇಳ್ರಿ. ಮಂದಿ ಪದ ಹಾಡೂದು ತಪ್ಪಲ್ಲ. ಮಂದಿ ಹೆಸರು ಅಳಿಸಿ ತನ್ನ ಹೆಸರು ಬರಕೊಳ್ಳೂದು ತಪ್ಪು. ಹಂಗ ಕದ್ದವ ಎಷ್ಟು ಜೋರಾಗಿ ಹಾಡತಾನೋ ಅಷ್ಟು ಬೇಗ ತನ್ನ ಬಾಯಿಗೆ ತಾನ ಸಿಕ್ಕಿ ಬೀಳತಾನ.

ನಾಳೆ ಈ ಕಥಿ ನೀವು ಬ್ಯಾರೆಯವರಿಗೆ ಹೇಳತೀರಿ, ನನಗ ಗೊತ್ತೈತಿ. ಹೇಳ್ರಿ. ಆದ್ರ ಇದು ನಂದಲ್ಲ, ನಮ್ಮ ಅತ್ತಿ ಗುರವ್ವಂದು. ಆಕಿ ಹೆಸರು ಬಿಟ್ಟು ಹೇಳಿದ್ರ, ನಾ ಎಲ್ಲಿದ್ರೂ ಬಂದು "ಗಪ" ಅಂತೀನಿ.